ಕೊಡಲಿ ಕಂಡವನು

ಹೊಳೆಯ ಈಚೆ ದಂಡೆಯ ಮೇಲೆ ಒಂದು ಸಣ್ಣ ಮಠ. ಆಚೆ ದಂಡೆಯ ಮೇಲೆ ಊರು, ಊರ ಮುಂದೆ ಆ ಮಠದ ಮೂಲ ಗುರುಗಳ ಗದ್ದುಗೆ. ನಡುವೆ ನೀರು.

ಮಠ ಈಚೆಗೆ, ಗದ್ದುಗೆ ಆಚೆಗೆ ಯಾಕೆ ಎಂದು ಯಾರೂ ಕೇಳಿದವರಿಲ್ಲ. ಶಿವ ಇಟ್ಟಲ್ಲಿ ಇಟ್ಟಿದ್ದಾನೆ. ದಾಟಿ ಬರಲಿ ಎಂಬುದೇ ಅವನ ಮನಸ್ಸಿನಲ್ಲಿ ಇದ್ದಿರಬೇಕು.

ಮಠದಲ್ಲಿದ್ದ ಗುರುಗಳನ್ನು ಜನ ದಂಡಿಯಜ್ಜ ಎನ್ನುತ್ತಿದ್ದರು. ಅವರಿಗೆ ಅಡವಯ್ಯನೆಂಬ ಒಬ್ಬ ಶಿಷ್ಯ. ಮುಂದೆ ಮಠಕ್ಕೆ ಇವನೇ ಎಂದು ಊರಿನವರು ಆಗಲೇ ಅವನನ್ನು ಮರಿದೇವರು ಎಂದು ಕರೆದು ಪಾದ ಮುಟ್ಟುತ್ತಿದ್ದರು.

ಅಡವಯ್ಯ ಸುಳ್ಳು ಹೇಳುವವನಲ್ಲ. ಮಠಕ್ಕೆ ಬಂದ ಹಾಲಿನಲ್ಲಿ ನೀರಿದ್ದರೆ, ಹಾಲು ತಂದವಳು ಇನ್ನೂ ಹೊಸ್ತಿಲಲ್ಲಿ ಇರುವಾಗಲೇ ಹೇಳಿಬಿಡುವಂಥವನು.

ಒಂದು ದಿನ ಇಳಿಹೊತ್ತಿನಲ್ಲಿ, ಹೊಳೆ ದಾಟಿ ಈಚೆ ದಂಡೆಗೆ ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಅವನನ್ನು ಕೈಹಿಡಿದು ನಡೆಸಿಕೊಂಡು ಬಂದರು. ಅವನ ಮೈಯೆಲ್ಲ ಉಸುಕು. ಹಲ್ಲು ಕಟಕಟ ಎನ್ನುತ್ತಿದ್ದವು.

"ಅಜ್ಜಾರ, ಕುರುಬರ ಮಾಳಿಂಗನ ತಲಿ ಒಡದಾರ್ರಿ. ಕೊಡಲೀಲೆ ಹೊಡದು ಅವನ ಟಗರು ಒಯ್ದಾರ. ಮರಿದೇವ್ರು ಕಣ್ಣಾರೆ ಕಂಡಾರಂತ."

ಅಜ್ಜಾರು ಶಿಷ್ಯನ ಹೆಗಲ ಮೇಲೆ ತಮ್ಮ ಕಂಬಳಿ ಹೊದಿಸಿದರು. "ಯಾರು?" ಎಂದರು.

"ಅಂಬಿಗರ ಹುಲಿಗೆಪ್ಪ," ಎಂದ ಅಡವಯ್ಯ.

ಹುಲಿಗೆಪ್ಪನೆಂದರೆ ಆ ಹೊಳೆ ದಾಟಿಸುವವನು. ಬಿದಿರು ಹೆಣೆದು ಮೇಲೆ ತೊಗಲು ಹೊದಿಸಿದ ದುಂಡನೆಯ ಹರಿಗೋಲು ಅವನದು. ಸುತ್ತ ಎಲ್ಲೂ ಇನ್ನೊಂದು ಹರಿಗೋಲಿಲ್ಲ.

ಶಿವ ದೊಡ್ಡವನು, ಮಾಳಿಂಗ ಸಾಯಲಿಲ್ಲ. ಆದರೆ ಪೆಟ್ಟು ಹಿಂದಿನಿಂದ ಬಿದ್ದಿತ್ತು. ಅವನು ಕಂಡದ್ದು ಮುಖಕ್ಕೆ ಎದ್ದು ಬಂದ ಉಸುಕು ಮಾತ್ರ.

ಹೋದ ಸಂತೆಯ ದಿನ ಅವನಿಗೂ ಹುಲಿಗೆಪ್ಪನಿಗೂ ಎಲ್ಲರ ಮುಂದೆ ಜಗಳವಾಗಿತ್ತು. ಟಗರಿನ ಗೊರಸಿಗೆ ತೊಗಲು ಹರಿಯುತ್ತದೆ, ಹತ್ತಿಸುವುದಿಲ್ಲ ಎಂದು ಇವನು. ನನ್ನ ಟಗರು ನಿನಗಿಂತ ಹಗುರ ಹೆಜ್ಜೆ ಇಡುತ್ತದೆ ಎಂದು ಅವನು. ಅದನ್ನು ಎಲ್ಲರೂ ಈಗ ನೆನೆಸಿಕೊಂಡರು.

ಊರಿನ ಹಿರಿಯರು, ಅಂದರೆ ದೈವದವರು, ಗದ್ದುಗೆಯ ಮುಂದೆ ಕೂಡುವುದೆಂದು ಹೇಳಿಕಳಿಸಿದರು.

ಆ ಸೀಮೆಯಲ್ಲಿ ಗದ್ದುಗೆ ಮುಟ್ಟಿ ಹೇಳಿದ ಮಾತಿನ ಮೇಲೆ ಮಾತಿಲ್ಲ. ಮೊದಲು ಕಂಡವನು ಮುಟ್ಟಿ ಹೇಳಬೇಕು. ಆಮೇಲೆ ಆರೋಪ ಹೊತ್ತವನ ಸರದಿ. ಕಂಡವನು ಹೌದೆಂದ ಮೇಲೆ ಹೊತ್ತವನ ಮಾತು ಯಾರಿಗೂ ಬೇಕಾಗುವುದಿಲ್ಲ, ಆ ಮಾತು ಬೇರೆ.

ಅಡವಯ್ಯ ಹೌದೆಂದರೆ ಹುಲಿಗೆಪ್ಪನ ಹರಿಗೋಲನ್ನು ದಂಡೆಗೆ ಎಳೆದು ಬೆಂಕಿ ಇಡುತ್ತಾರೆ. ಹುಲಿಗೆಪ್ಪ ಹೆಂಡತಿಯನ್ನು ಕರೆದುಕೊಂಡು ಊರು ಬಿಡಬೇಕು.

ಮರುದಿನ ಬೆಳಗ್ಗೆ ಅಜ್ಜಾರು ಅಂಗಳದಲ್ಲಿ ಕುಳಿತು ವಿಭೂತಿ ಗಟ್ಟಿ ತಟ್ಟುತ್ತಿದ್ದರು. ಅಡವಯ್ಯ ಸೋಸಿದ ಬೂದಿಯನ್ನು ಮುದ್ದೆ ಮಾಡಿ ಮುಂದಿಡುತ್ತಿದ್ದ.

"ಅಜ್ಜಾರ, ನಾ ಗದ್ದುಗಿ ಮುಟ್ಟಿ ಹೇಳ್ತೀನ್ರಿ."

"ಹೇಳು."

"ನಾ ಸುಳ್ಳು ಹೇಳಾವ ಅಲ್ಲ. ನಿಮಗ ಗೊತ್ತೈತಿ."

"ಗೊತ್ತೈತಿ. ಅದಾ ನನಗ ಚಿಂತಿ."

ಅಡವಯ್ಯನಿಗೆ ತಿಳಿಯಲಿಲ್ಲ.

"ಸುಳ್ಳ ಹೇಳಿದ್ದನ್ನ ಮಂದಿ ನಾಕು ಸಲ ತಿರುವಿ ನೋಡ್ತಾರ," ಎಂದರು ಅಜ್ಜಾರು. "ನೀ ಹೇಳಿದ್ದನ್ನ ಯಾರೂ ತಿರುವಿ ನೋಡಾಂಗಿಲ್ಲ. ನೀನೂ ನೋಡಾಂಗಿಲ್ಲ. ಇರಲಿ. ಏನು ಕಂಡಿ, ಹೇಳು."

"ಪತ್ರಿ ತರಾಕ ಹೋಗಿದ್ದೆ. ಜಾಲಿ ಕಂಟಿ ದಾಟೂದ್ರಾಗ ಟಗರು ಒದರಿತು. ನೋಡ್ತೀನಿ, ಕೊಡಲಿ ಮ್ಯಾಲಕ್ಕ ಎದ್ದೈತಿ. ಮಾಳಿಂಗ ಬಿದ್ದ. ಆಮ್ಯಾಲ ಕೊಡಲಿ ನನ್ನ ಕಡೆ ಹೊಳ್ಳಿತು. ಅಷ್ಟಾ. ಮುಂದ ಕತ್ತಲಿ."

"ಎಷ್ಟು ದೂರ ಇತ್ತು?"

"ಕಂಟಿ ಆಚಿಗಿ. ನಾಕಾರು ಮಾರು."

"ಕೊಡಲಿ ಹೆಂಗಿತ್ತು?"

ಅಡವಯ್ಯನ ಮಾತು ತಡೆಯಿಲ್ಲದೆ ಬಂತು. "ಜಾಲಿ ಕಟಗಿ ಕಾವು. ಕಾವಿನ ತುದಿಗಿ ಕೆಂಪು ಅರಿವಿ ಸುತ್ತಿತ್ತು. ಅಲಗಿನ ಒಂದು ಮೂಲಿ ಮುರಿದಿತ್ತು, ಮುದುಕರ ಬಾಯಾಗ ಮುಂದಿನ ಹಲ್ಲು ಹೋದಂಗ. ಬಿಸಿಲಿಗೆ ಒಮ್ಮೆ ಬೆಳ್ಳಗ, ಒಮ್ಮೆ ಕರ್ರಗ ಕಾಣ್ತಿತ್ತು. ಈಗ ಬರಿ ಅಂದ್ರ ಬರೀತೀನಿ ಅಜ್ಜಾರ."

"ಹಿಡಿದ ಕೈ?"

"ಬಲಗೈ." ಅಡವಯ್ಯ ಸ್ವಲ್ಪ ತಡೆದ. "ಎರಡೂ ಇರಬೇಕ್ರಿ."

"ತಲಿಗಿ ಏನು ಸುತ್ತಿದ್ದ?"

"ರುಮಾಲು."

"ಯಾವ ಬಣ್ಣದ್ದು?"

"ಹುಲಿಗೆಪ್ಪನ ರುಮಾಲು ಹಳದಿ ಅಲ್ರಿ? ಹಳದೀನ."

"ನೋಡಿದ್ದೋ, ಗೊತ್ತಿದ್ದದ್ದೋ?"

ಅಡವಯ್ಯನಿಗೆ ಸಿಟ್ಟು ಬಂತು. "ನೀವು ಅಂಬಿಗನ ಪರ ಮಾತಾಡಾಕತ್ತೀರಿ."

"ನಾ ರುಮಾಲಿನ ಬಣ್ಣ ಕೇಳಿದೆ."

"ಅವನ ಮುಖ ಇನ್ನೂ ನನ್ನ ಕಣ್ಣ ಮುಂದೈತಿ. ಇಷ್ಟು ಹತ್ರ. ಗಡ್ಡದಾಗಿನ ನೀರಿನ ಹನಿ ಸೈತ ಕಾಣ್ತಾವ. ಮ್ಯಾಲ ಮೀನಿನ ವಾಸನಿ. ಕಣ್ಣು ಬ್ಯಾಡ ಬಿಡ್ರಿ, ಮೂಗು ಸುಳ್ಳು ಹೇಳ್ತೈತೇನು?"

"ಇಲ್ಲ," ಎಂದರು ಅಜ್ಜಾರು. "ಮೂಗು ಸುಳ್ಳು ಹೇಳಾಂಗಿಲ್ಲ."

ಮತ್ತೆ ವಿಭೂತಿ ತಟ್ಟತೊಡಗಿದರು.

ಅಂದು, ಅದರ ಮರುದಿನ, ಹೊಳೆ ದಾಟಿ ಜನ ಮಠಕ್ಕೆ ಬರುತ್ತಲೇ ಇದ್ದರು. ಪಾದಕ್ಕೆ ಬೀಳುವರು, ಪ್ರಸಾದ ಇಸಿದುಕೊಳ್ಳುವರು, ಆಮೇಲೆ ಮೆಲ್ಲನೆ ಅಡವಯ್ಯನ ಕಡೆ ಸರಿದು ಕೂರುವರು.

"ಹೆಂಗಾತ್ರಿ ಮರಿದೇವ್ರ?"

ಅಡವಯ್ಯ ಹೇಳುವನು. ಹೇಳುವಾಗ ಮತ್ತೆ ಎದೆ ಹೊಡೆದುಕೊಳ್ಳುವುದು. ಕೇಳುವವರ ಕಣ್ಣು ಅಗಲವಾದಷ್ಟೂ ಅವನ ಕಣ್ಣಿಗೆ ಹೆಚ್ಚು ಹೆಚ್ಚು ಕಾಣಿಸುವುದು. ಮೊದಲ ಸಲ ಹಳದಿ ರುಮಾಲು. ಮುಂದಿನ ಸಲ ಅದರ ಬಿಚ್ಚಿದ ತುದಿ. ಆಮೇಲೆ ಹುಲಿಗೆಪ್ಪ ನಕ್ಕದ್ದು.

ಒಳಗೆ ಲಿಂಗಕ್ಕೆ ನೀರೆರೆಯುತ್ತಿದ್ದ ಅಜ್ಜಾರು ಅಲ್ಲಿಂದಲೇ ಕೇಳಿದರು:

"ತಮ್ಮಾ, ನಿನ್ನೆ ಅವ ನಕ್ಕಿರಲಿಲ್ಲಲ್ಲ?"

"ನಿನ್ನೆ ನೆನಪಾಗಿರಲಿಲ್ರಿ. ಇವತ್ತು ನೆನಪಾತು."

"ಹಾಂ," ಎಂದರು ಅಜ್ಜಾರು.

ದೈವ ಕೂಡುವ ದಿನ ಬಂತು. ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿ ಏರಿತ್ತು.

ಅಡವಯ್ಯ ಮಿಂದು ಮಡಿಯುಟ್ಟು ದಂಡೆಗೆ ಬಂದ. ಅಲ್ಲಿಗೆ ಬಂದ ಮೇಲೆ ಅವನಿಗೆ ಹೊಳೆಯಿತು.

"ಅಜ್ಜಾರ, ದಾಟೋದು ಹೆಂಗ್ರಿ?"

"ಹರಿಗೋಲಿನ್ಯಾಗ."

"ಯಾರ ಹರಿಗೋಲು?"

"ಯಾರದಂತ ಹೇಳ್ಲಿ? ಇರೋದಾ ಒಂದು."

ಹುಲಿಗೆಪ್ಪ ನೀರಿನಂಚಿನಲ್ಲಿ ಹರಿಗೋಲಿನ ಬಾಯಿ ಹಿಡಿದುಕೊಂಡು ನಿಂತಿದ್ದ. ಅವನ ಜೊತೆ ಆಚೆಯಿಂದ ಬಂದಿದ್ದ ಹೆಂಡತಿ ಗಾಳೆವ್ವ ಒಳಗೆ ಆಗಲೇ ಕುಳಿತಿದ್ದಳು.

"ಬರ್ರಿ ಮರಿದೇವ್ರ," ಎಂದ ಹುಲಿಗೆಪ್ಪ. "ನನ್ನ ಹರಿಗೋಲಿಗೆ ಬೆಂಕಿ ಹಚ್ಚಾವರನ್ನ ನಾನಾ ದಾಟಿಸಬೇಕು. ಇಂಥಾ ಯೋಗ ಯಾವ ಅಂಬಿಗನಿಗಿ ಬಂದೈತಿ ಹೇಳ್ರಿ."

ಅಡವಯ್ಯ ಮುಖ ತಿರುಗಿಸಿ ಹತ್ತಿ ಕುಳಿತ. ಹರಿಗೋಲು ನೀರಿಗೆ ಬಿತ್ತು.

ಗಾಳೆವ್ವ ಸುಮ್ಮನೆ ಕೂರುವವಳಲ್ಲ. "ನನ್ನ ಗಂಡ ಕುಡೀತಾನ್ರಿ. ಸುಳ್ಳೂ ಹೇಳ್ತಾನ. ಹಬ್ಬದ ದಿನ ಹೊತ್ತು ನೆತ್ತಿಗೆ ಬರೂತನ ಮಲ್ಕೊಂಡಿರ್ತಾನ. ಇಷ್ಟನ್ನ ಗದ್ದುಗಿ ಮುಟ್ಟಿ ಹೇಳ್ರಿ, ನಾನೂ ನಿಮ್ಮ ಜೋಡಿ ಮುಟ್ಟತೀನಿ. ಕೊಡಲಿ ಮಾತ್ರ ನಮ್ಮನ್ಯಾಗ ಇಲ್ಲ. ಕಟಗಿ ಒಡ್ಯಾಕ ನಾ ಮಂದಿ ಮನಿ ಬಾಗಲ ಬಡೀತೀನಿ."

"ಸುಮ್ಕಿರ. ಕುಡೀತಾನ ಅಂತ ಅಜ್ಜಾರ ಮುಂದ ಹೇಳಬೇಕಿತ್ತೇನು?"

"ಅಜ್ಜಾರಿಗಿ ಗೊತ್ತಿಲ್ಲೇನು? ಹೋದ ಅಮಾಸಿಗಿ ನೀ ಅವರ ಪಾದ ಅಂತ ಕಂಬದ ಬುಡಕ್ಕ ಬಿದ್ದಿದ್ದಿ."

ಅಜ್ಜಾರು ನಕ್ಕರು. ಅಡವಯ್ಯ ನಗಲಿಲ್ಲ. ಅವನು ನೀರನ್ನು ನೋಡುತ್ತಿದ್ದ.

ನಡುಹೊಳೆಯಲ್ಲಿ ಒಂದು ಬಂಡೆಯಿದೆ. ಬೇಸಿಗೆಯಲ್ಲಿ ಅದರ ಹಿಂದೆ ಹುಡುಗರು ಈಜುತ್ತಾರೆ. ನೀರು ಏರಿದಾಗ ಅದೇ ಜಾಗ ಸುಳಿಯಾಗಿ ಬಾಯಿ ತೆರೆಯುತ್ತದೆ.

ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಸುಳಿ ಹಿಡಿದರೆ ಬೀಸುವ ಕಲ್ಲಿನಂತೆ ತಿರುಗುತ್ತದೆ.

ಹಿಡಿಯಿತು.

ಬಂಡೆ ಬಂತು, ಊರು ಬಂತು, ಮಠ ಬಂತು, ಮತ್ತೆ ಬಂಡೆ. ಒಂದು ಬದಿ ಎದ್ದಿತು, ಇನ್ನೊಂದು ಬದಿಯಿಂದ ನೀರು ಒಳಗೆ ನುಗ್ಗಿತು. ಯಾರೋ ಕೂಗಿದರು. ಅಡವಯ್ಯನ ಕಣ್ಣಿಗೆ ಕೆಂಪು ನೀರಿನ ನಡುವಿನ ಆ ಕಪ್ಪು ಗುಂಡಿ ಬಿಟ್ಟು ಬೇರೇನೂ ಉಳಿಯಲಿಲ್ಲ.

ಆಮೇಲೆ, ಶಿವನ ದಯೆ, ಹರಿಗೋಲಿನ ತಳ ಉಸುಕಿಗೆ ತಾಗಿತು.

ನಾಲ್ವರೂ ದಂಡೆಯ ಮೇಲೆ ಕುಳಿತು ಉಸಿರು ಬಿಟ್ಟರು. ಮೊದಲು ಎದ್ದವನು ಅಡವಯ್ಯ.

"ಕಂಡ್ರೇನು ಅಜ್ಜಾರ? ಬೇಕಂತ ಮಾಡಿದ. ಹುಟ್ಟು ಬಿಟ್ಟು ಎದ್ದು ನಿಂತ. ನನ್ನ ಕೊರಳಿಗಿ ಕೈ ಹಾಕಿ ನೀರಿಗೆ ನೂಕಾಕ ನೋಡಿದ. ಸಾಕ್ಷಿ ಹೇಳಾವ ಸತ್ತರ ಸಾಕ್ಷಿ ಎಲ್ಲಿಂದ ಬರ್ತೈತಿ?"

ಹುಲಿಗೆಪ್ಪ ಬಾಯಿ ತೆರೆದು ನೋಡಿದ. ಹುಟ್ಟು ಇನ್ನೂ ಅವನ ಎರಡೂ ಮುಷ್ಟಿಯಲ್ಲಿತ್ತು. ಬೆರಳು ಬಿಚ್ಚಲು ಬಾರದಂತಾಗಿತ್ತು.

ಗಾಳೆವ್ವ ಸೆರಗು ಹಿಂಡುವುದನ್ನು ನಿಲ್ಲಿಸಿದಳು.

"ಕೊರಳಿಗಿ ಕೈ ಹಾಕಿದಾಕಿ ನಾನ್ರೀ. ನೀವು ಅರ್ಧ ಮೈ ಹೊರಗ ಚೆಲ್ಲಿದ್ರಿ. ಹೆಗಲ ಮ್ಯಾಲಿನ ವಸ್ತ್ರ ಹಿಡಿದು ಒಳಗ ಜಗ್ಗಿದೆ. ಅವ ಎದ್ದು ನಿಂತಿದ್ರ, ಈ ಮಾತು ನಾವು ಮೊಸಳಿ ಹೊಟ್ಟ್ಯಾಗ ಕುಂತು ಆಡ್ತಿದ್ವಿ."

"ನಿನ್ನ ಗಂಡ, ನೀ ಹಂಗಾ ಹೇಳ್ತಿ. ನಾ ಕಂಡೀನಿ."

ಅಜ್ಜಾರು ಕೇಳಿದರು: "ಅಡವಯ್ಯಾ, ಆವಾಗ ನಾ ಏನು ಮಾಡಾಕತ್ತಿದ್ದೆ?"

"ನೀವಾ? ನೀವು ಕಣ್ಣು ಮುಚ್ಚಿ, ಕಾಲು ಮಡಚಿ ಕುಂತು ಪಂಚಾಕ್ಷರಿ ಜಪಾ ಮಾಡಾಕತ್ತಿದ್ರಿ. ಮುಖದ ಮ್ಯಾಲಿನ ಒಂದು ಗೆರಿ ಅಲುಗಿರಲಿಲ್ಲ. ಅದನ್ನ ನೋಡಿ ನನಗ ಜೀವ ಬಂತು."

ಗಾಳೆವ್ವ ಕಿಸಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಹಿಡಿದಳು.

"ಯಾಕ ನಗ್ತಿ?" ಎಂದ ಅಡವಯ್ಯ.

"ತಪ್ಪಾತ್ರಿ. ಅಜ್ಜಾರು 'ಯವ್ವಾ, ಸತ್ನ್ಯೋ' ಅಂತ ಚೀರಿದ್ದು ಊರಿಗಿ ಕೇಳಿರಬೇಕು. ನನ್ನ ಗಂಡನ ಕಾಲು ಹಿಡಿದು ಬಿಡವಲ್ರು. ಪಾಪ, ಅವ ಹುಟ್ಟು ನೋಡಬೇಕೋ ಗುರುಗಳನ್ನ ನೋಡಬೇಕೋ."

ಅಡವಯ್ಯ ಗುರುಗಳ ಮುಖ ನೋಡಿದ.

"ಹೌದಪಾ," ಎಂದರು ಅಜ್ಜಾರು. "ಕಾಲು ಹಿಡಿದಿದ್ದೆ. ಅವ ಕುಂತಾ ಇದ್ದ; ಎದ್ದಿದ್ರ ಕಾಲು ಹಿಡಿದ ನನಗ ತಿಳೀತಿತ್ತು. ಕಣ್ಣು ಮುಚ್ಚಿರಲಿಲ್ಲ. ಶಿವಾ ಅನ್ನೋದು ಸೈತ ಮರತು ಯವ್ವಾ ಅಂದೆ."

ಶಿವ ತಾಯಿಯ ಹೆಸರಿಗೂ ಓಗೊಡುವವನು. ಓಗೊಟ್ಟಿದ್ದ.

ಅಡವಯ್ಯ ನಡುಹೊಳೆಯ ಬಂಡೆಯ ಕಡೆ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ನನಗ ಈಗಲೂ ಕಾಣಾಕತ್ತೈತ್ರಿ. ನೀವು ಕಣ್ಣು ಮುಚ್ಚಿ ಕುಂತದ್ದು. ಅವ ಎದ್ದು ನಿಂತದ್ದು."

"ಸ್ವಚ್ಛ ಕಾಣ್ತೈತೇನು?"

"ಸ್ವಚ್ಛ ಕಾಣ್ತೈತಿ."

"ಆ ದಿನದ ಮುಖ ಇದಕ್ಕಿಂತ ಸ್ವಚ್ಛೋ, ಇಷ್ಟಾ ಸ್ವಚ್ಛೋ?"

ಅಡವಯ್ಯ ಹೆಗಲ ಮೇಲಿನ ಒದ್ದೆ ವಸ್ತ್ರ ಹಿಂಡತೊಡಗಿದ.

"ನಡಿ," ಎಂದರು ಅಜ್ಜಾರು. "ದೈವದವರು ಕಾಯಾಕತ್ತಾರ."

ಗದ್ದುಗೆಯ ಮುಂದಿನ ಕಟ್ಟೆಯ ಮೇಲೆ ಊರೇ ಕೂಡಿತ್ತು. ನಡುವೆ ಊರ ಗೌಡ ಶಂಕನಗೌಡರು. ಒಂದು ಮೂಲೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡ ಮಾಳಿಂಗ ಗೋಡೆಗೆ ಒರಗಿ ಕುಳಿತಿದ್ದ.

ಒಣಗಿದ ಜೋಳದ ದಂಟಿನ ಎರಡು ಹೊರೆ ಕಟ್ಟೆಯ ಕೆಳಗೆ ತಂದಿಟ್ಟಿದ್ದರು. ಅವು ಯಾತಕ್ಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಹುಲಿಗೆಪ್ಪ ಒಮ್ಮೆ ಅತ್ತ ನೋಡಿ ತಲೆ ತಗ್ಗಿಸಿದ.

"ಮರಿದೇವ್ರ, ಹೆಸರು ಹೇಳ್ರಿ," ಎಂದ ಮಾಳಿಂಗ. "ಮರಿ ಇದ್ದಾಗಿಂದ ಎದಿ ಮ್ಯಾಲ ಹಾಕ್ಕೊಂಡು ಸಾಕಿದ ಟಗರ್ರಿ ಅದು. ಯಾರ ಮನ್ಯಾಗ ಐತಿ ನನಗ ತಿಳೀಬೇಕು."

ಅಡವಯ್ಯ ಹೋಗಿ ಗದ್ದುಗೆಯ ಮುಂದೆ ನಿಂತ. ಕಲ್ಲಿನ ಮೇಲೆ ಆಗತಾನೆ ಏರಿಸಿದ ಪತ್ರಿ ಹಸಿಯಾಗಿತ್ತು. ಕೈ ಚಾಚಿದ.

ಕಣ್ಣು ಮುಚ್ಚಿದ. ಕೊಡಲಿ ಬಂತು. ಕೆಂಪು ಅರಿವೆ, ಮುರಿದ ಮೂಲೆ. ಅದರ ಹಿಂದೆ ಹುಲಿಗೆಪ್ಪನ ಮುಖ ಬಂತು. ಹತ್ತಿರ, ಗಡ್ಡದ ತುಂಬ ನೀರು.

ಕೊಡಲಿ ಕಂಟಿಯ ಆಚೆ ಇತ್ತು. ಮುಖ ಇಷ್ಟು ಹತ್ತಿರ ಹೇಗೆ ಬಂತು?

ಅವನು ಕೈ ಹಿಂದಕ್ಕೆ ತೆಗೆದ. ಜನ ಗುಜುಗುಜು ಎಂದರು.

"ಗೌಡ್ರ, ಮೊದಲ ಹುಲಿಗೆಪ್ಪ ಮಾತಾಡಲಿ."

"ಅದೆಂಥ ಮಾತ್ರಿ?" ಎಂದರು ಶಂಕನಗೌಡರು. "ಮೊದಲ ಕಂಡಾವ, ಆಮ್ಯಾಲ ಹೊತ್ತಾವ. ನಮ್ಮ ಮುತ್ಯಾನ ಕಾಲದಿಂದ ಹಿಂಗಾ ನಡದೈತಿ."

"ನಾ ಮುಟ್ಟೂಕಿಂತ ಮೊದಲ ಒಂದಾ ಮಾತು ಕೇಳ್ತೀನಿ. ಹುಲಿಗೆಪ್ಪಾ, ಆ ದಿನ ನೀ ಎಲ್ಲಿದ್ದಿ?"

ಹುಲಿಗೆಪ್ಪ ಗೌಡರ ಕಡೆ ನೋಡಿದ. ಗೌಡರು ಅಜ್ಜಾರ ಕಡೆ ನೋಡಿದರು. ಅಜ್ಜಾರು ಗದ್ದುಗೆಗೆ ಕೈ ಮುಗಿದು ನಿಂತಿದ್ದರು. ಯಾರ ಕಡೆಯೂ ನೋಡಲಿಲ್ಲ.

"ಹೇಳು ಹಂಗಾದ್ರ," ಎಂದರು ಗೌಡರು.

"ಎಲ್ಲಿರ್ಲಿ? ಬಲಿ ಎಳ್ಯಾಕತ್ತಿದ್ದೆ, ಎದಿಮಟ ನೀರಾಗ," ಎಂದ ಹುಲಿಗೆಪ್ಪ. "ಟಗರು ಒದರಿದ್ದು ಕೇಳಿ ಓಡಿಬಂದೆ. ಮಾಳಿಂಗ ಬಿದ್ದಿದ್ದ. ಹೊಡದಾವ ಇರಲಿಲ್ಲ. ಕಂಟಿ ಈಚಿಗಿ ನೀವು ಬಿದ್ದಿದ್ರಿ. ಹಲ್ಲು ಕಚ್ಚಿದ್ರಿ. ಬಗಸಿ ತುಂಬ ಹೊಳಿ ನೀರು ತಂದು, ಬಾಯಿ ಬಿಡಿಸಿ ಹಾಕಿದೆ. ಒಮ್ಮೆ ಕಣ್ಣು ತೆರದು ನನ್ನ ಮುಖ ನೋಡಿದ್ರಿ. ಚಿಟ್ಟನ ಚೀರಿ ಮತ್ತ ಕಣ್ಣು ಮುಚ್ಚಿದ್ರಿ. ನಾ ಒಗ್ಯಾಕ ಬಂದ ಹೆಂಗಸರನ್ನ ಕರ್ಯಾಕ ಓಡಿದೆ; ಅಷ್ಟರಾಗ ಅವರು ನಿಮ್ಮ ಚೀರು ಕೇಳಿ ಬ್ಯಾರೆ ದಾರೀಲೆ ಬಂದುಬಿಟ್ಟಿದ್ರು."

"ಇದನ್ನ ಯಾಕ ಹೇಳಲಿಲ್ಲ?"

"ಹೇಳಾಕ ಹೋದೆ. ನಿನ್ನ ಸರದಿ ಬಂದಾಗ ಗದ್ದುಗಿ ಮುಂದ ಹೇಳು ಅಂದ್ರು. ನಿಮ್ಮ ಮಾತು ಆದ ಮ್ಯಾಲ ನನ್ನ ಸರದಿ ಬಂದು ಏನು ಉಪಯೋಗ್ರಿ?"

"ಕದ್ದಾವ ಹಿಂಗಾ ಕಥಿ ಕಟ್ತಾನ," ಎಂದು ಹಿಂದಿನಿಂದ ಯಾರೋ ಕೂಗಿದರು.

ಅಡವಯ್ಯ ಕೇಳಿಸಿಕೊಳ್ಳಲಿಲ್ಲ. ಅವನ ಬೆರಳು ತನಗೆ ತಿಳಿಯದಂತೆ ತುಟಿಯ ಮೇಲೆ ಹೋಗಿತ್ತು. ಮೀನಿನ ವಾಸನೆ. ಅದು ಗಾಳಿಯಲ್ಲಿ ಬಂದದ್ದಲ್ಲ. ತುಟಿಯ ಮೇಲೆ ಬಂದದ್ದು, ತಣ್ಣಗೆ, ಒದ್ದೆಯಾಗಿ. ಅದರ ಜೊತೆ ನಾಲಿಗೆಯ ಮೇಲೆ ಹೊಳೆಯ ಮಣ್ಣಿನ ರುಚಿ.

ಮೂಗು ಸುಳ್ಳು ಹೇಳಿರಲಿಲ್ಲ.

ಅವನು ಎರಡೂ ಕೈಯನ್ನು ಗದ್ದುಗೆಯ ಮೇಲೆ ಊರಿದ.

"ಗದ್ದುಗಿ ಮುಟ್ಟಿ ಹೇಳ್ತೀನಿ. ಕೊಡಲಿ ಕಂಡೆ. ಕೊಡಲಿ ಹಿಡಿದಾವನ ಮುಖ ನಾ ನೋಡಿಲ್ಲ. ನೀರು ಕುಡಿಸಿದಾವನ ಮುಖ ನೋಡೀನಿ."

ಎಲ್ಲರೂ ಒಮ್ಮೆಲೇ ಮಾತಾಡಿದರು.

"ನಾ ಮಠಕ್ಕ ಬಂದಾಗ ಹುಲಿಗೆಪ್ಪಾನ ಅಂದ್ರಿ," ಎಂದರು ಶಂಕನಗೌಡರು. "ರುಮಾಲಿನ ತುದಿ ಬಿಚ್ಚಿತ್ತು ಅಂದ್ರಿ. ನಕ್ಕ ಅಂದ್ರಿ. ನಾ ನನ್ನ ಕಿವಿಲೆ ಕೇಳೀನಿ."

"ಅಂದೀನ್ರಿ. ಈಗಲೂ ಕಣ್ಣು ಮುಚ್ಚಿದ್ರ ಅವನಾ ಕಾಣ್ತಾನ."

"ಕಾಣ್ತಾನ ಅಂತೀರಿ, ನೋಡಿಲ್ಲ ಅಂತೀರಿ. ಇದರಾಗ ಯಾವುದು ಖರೇ?"

"ಎರಡೂ ಖರೇ ಗೌಡ್ರ."

ಜನ ಗೊಳ್ಳೆಂದರು. "ಮಠದ ಮರಿ ಅಂಬಿಗರ ಮನ್ಯಾಗ ಮೀನಿನ ಸಾರು ಉಂಡೈತಿ," ಎಂದ ಒಬ್ಬ. "ಹರಿಗೋಲಿನ್ಯಾಗ ಬರೂಮುಂದ ಮಾತು ಕುದುರೈತಿ," ಎಂದ ಇನ್ನೊಬ್ಬ. ಅಡವಯ್ಯನ ಕಿವಿ ಸುಟ್ಟಂತಾಯಿತು. ಕೈ ಮಾತ್ರ ಗದ್ದುಗೆಯ ಮೇಲೆಯೇ ಇತ್ತು.

ಮಾಳಿಂಗ ಗೋಡೆ ಹಿಡಿದು ಎದ್ದು ನಿಂತ. ಅವನು ನಗಲಿಲ್ಲ.

"ಹಂಗಾದ್ರ ನನ್ನ ತಲಿ ಒಡದಾವ ಯಾರ್ರಿ?"

ಅದಕ್ಕೆ ಉತ್ತರ ಕೊಡುವುದು ಎಲ್ಲದಕ್ಕಿಂತ ಕಷ್ಟವಾಯಿತು.

"ನನಗ ಗೊತ್ತಿಲ್ಲ, ಮಾಳಿಂಗಣ್ಣ. ನೋಡಬೇಕಿತ್ತು. ಹೆದರಿಕಿ ನನ್ನ ಕಣ್ಣು ಹಿಡಕೊಂಡು ಕೊಡಲಿ ಮ್ಯಾಲ ಇಟ್ಟಿತ್ತು."

ಮಾಳಿಂಗ ಅವನನ್ನೇ ನೋಡಿದ. ಆಮೇಲೆ ಮೆಲ್ಲನೆ ಮತ್ತೆ ಕುಳಿತ.

ಕಂಡವನೇ ಇಲ್ಲ ಎಂದ ಮೇಲೆ ದೈವದವರು ಮಾಡುವುದೇನಿದೆ? ಜೋಳದ ದಂಟಿನ ಹೊರೆಗಳನ್ನು ತಂದವರೇ ಹೊತ್ತುಕೊಂಡು ಹೋದರು. ಶಂಕನಗೌಡರು ಏಳುವಾಗ ಹೇಳಿದರು: "ಅಂಬಿಗನ ಹರಿಗೋಲು ಉಳೀತು. ಆದ್ರ ಇನ್ನ ಮ್ಯಾಲ ನಿಮ್ಮನ್ನ ಮರಿದೇವ್ರು ಅನ್ನಾಕ ನಮ್ಮ ನಾಲಿಗಿ ಹೊಳ್ಳಾಂಗಿಲ್ಲ, ಅಡವಯ್ಯಾ."

ಕಟ್ಟೆ ಇಳಿಯುವಾಗ ಯಾರೂ ಅವನ ಪಾದ ಮುಟ್ಟಲಿಲ್ಲ. ಅಜ್ಜಾರು ಗದ್ದುಗೆಯ ಮೇಲಿನ ಒಂದು ಪತ್ರಿ ತೆಗೆದು ಕಣ್ಣಿಗೊತ್ತಿ, ಶಿಷ್ಯನ ಕೈಗೆ ಇತ್ತರು.

ಟಗರು ಸಿಗಲಿಲ್ಲ. ಹೊಡೆದವನು ಯಾರೆಂದು ಇಂದಿಗೂ ಶಿವನಿಗೆ ಮಾತ್ರ ಗೊತ್ತು. ಅವನಿಗೆ ಗೊತ್ತಿದ್ದರೆ ಸಾಕು ಎನ್ನುವಷ್ಟು ನಂಬಿಕೆ ನಮಗಿರಬೇಕು.

ಸಂಜೆಯ ಹೊತ್ತಿಗೆ ನೀರು ಇಳಿದಿತ್ತು. ಹುಲಿಗೆಪ್ಪ ಬಂಡೆಯನ್ನು ದೂರ ಬಿಟ್ಟು, ಬಳಸಿ ಹುಟ್ಟು ಹಾಕಿದ. ಗಾಳೆವ್ವ ಆಚೆ ದಂಡೆಯಲ್ಲೇ ಮನೆಗೆ ಹೋಗಿದ್ದಳು. ಒಲೆ ಹೊತ್ತಿಸಬೇಕಿತ್ತು, ಕಟ್ಟಿಗೆ ಒಡೆಯಲು ಯಾರ ಮನೆಯಿಂದಲೋ ಕೊಡಲಿ ತರಬೇಕಿತ್ತು.

ಅಡವಯ್ಯ ಅವನ ಕಡೆ ತಿರುಗಿದ. "ಹುಲಿಗೆಪ್ಪಾ, ನನ್ನಿಂದ ನಿನಗ..."

"ಅದು ಇರಲಿ ಬಿಡ್ರಿ," ಎಂದ ಹುಲಿಗೆಪ್ಪ. "ನಡುವ ಕುಂದರ್ರಿ. ಹರಿಗೋಲು ಒಂದ ಕಡೆ ವಾಲಾಕತ್ತೈತಿ."

ಅಡವಯ್ಯ ನಡುವೆ ಸರಿದು ಕುಳಿತ.

ದಂಡೆ ಬಂತು. ಗುರು ಶಿಷ್ಯರು ಇಳಿದರು. ಹುಲಿಗೆಪ್ಪ ಅಜ್ಜಾರಿಗೆ ಕೈ ಮುಗಿದು, ಹರಿಗೋಲು ತಿರುಗಿಸಿಕೊಂಡು ಹೋದ. ಅವನು ನಡುನೀರು ಮುಟ್ಟುವ ತನಕ ಅಡವಯ್ಯ ನೋಡುತ್ತಲೇ ನಿಂತ.

"ಅಜ್ಜಾರ."

"ಏನು ತಮ್ಮಾ?"

"ನನ್ನ ತಪ್ಪು ನನಗ ತಿಳೀತು. ಎಲ್ಲಾರ ಮುಂದ ಒಪ್ಪಿಕೊಂಡೆ. ಹಂಗಿದ್ರೂ ಕಣ್ಣು ಮುಚ್ಚಿದ್ರ ಅದಾ ಕೊಡಲಿ ಬರ್ತೈತಿ. ಕೊಡಲಿ ಹಿಂದ ಅವಂದಾ ಮುಖ ಬರ್ತೈತಿ. ಒರಸಿದ್ರೂ ಹೋಗವಲ್ದು."

"ಹೋಗಾಂಗಿಲ್ಲ."

"ಯಾವತ್ತೂ?"

"ಯಾವತ್ತೂ ಹೋಗಾಂಗಿಲ್ಲ ಅಂತ ಕಾಣ್ತೈತಿ."

"ಮತ್ತ ಆ ಮುಖ ಬಂದಾಗ ನಾ ಏನು ಮಾಡ್ಲಿ?"

ಅಜ್ಜಾರು ಮಠದ ಮೆಟ್ಟಿಲು ಹತ್ತುತ್ತಿದ್ದವರು ಹಿಂತಿರುಗಿ ನೋಡಿದರು.

"ಎದ್ದು ನಿಂತು ಕೈ ಮುಗಿ."